ಬಾಣಗಳನ್ನು ಒಟ್ಟಿಗೆ ಹಾಕಿದರೆ ಬಂಧಗಳೂ ಒಟ್ಟಿಗೆ ಮುರಿಯುತ್ತವೆಯೇ?

ಪ್ರಶ್ನೆ: ಸರ್, ನಮಸ್ಕಾರ. ನಾನು ಮುಳಬಾಗಿಲು ಕಡೆಯವಳು, ಕೋಲಾರದಲ್ಲಿ ಎಂ.ಎಸ್ಸಿ. ಕೆಮಿಸ್ಟ್ರಿ ಓದುತ್ತಿದ್ದೇನೆ. ಗ್ರೋಬ್ ಫ್ರಾಗ್ಮೆಂಟೇಶನ್ (ಒಂದು ಅಣು ಮೂರು ತುಂಡಾಗಿ ಒಡೆಯುವ ಕ್ರಿಯೆ) ಪಾಠದಲ್ಲಿ ನಮಗೆ ಎಲೆಕ್ಟ್ರಾನ್ ಹೋಗುವ ದಾರಿಯ ಬಾಣಗಳನ್ನೆಲ್ಲ ಒಂದೇ ಚಿತ್ರದಲ್ಲಿ ಹಾಕಿಸಿ, ಇದು ಕನ್ಸರ್ಟೆಡ್, ಅಂದರೆ ಎಲ್ಲ ಒಂದೇ ಹೆಜ್ಜೆಯಲ್ಲಿ ನಡೆಯುತ್ತದೆ ಎಂದು ಬರೆಸಿದರು. ಲೈಬ್ರರಿಯ ಇನ್ನೊಂದು ಪುಸ್ತಕದಲ್ಲಿ ಮೊದಲು ಕಾರ್ಬೊಕೆಟಯಾನ್ (ಕಾರ್ಬನ್ ಮೇಲೆ ಧನ ಚಾರ್ಜ್ ಇರುವ ಅಯಾನ್) ಆಗುತ್ತದೆ, ಆಮೇಲೆ ಕಾರ್ಬನ್-ಕಾರ್ಬನ್ ಬಂಧ ಮುರಿಯುತ್ತದೆ ಎಂದಿದೆ. ಪರೀಕ್ಷೆಯಲ್ಲಿ ಯಾವುದನ್ನು ಬರೆಯಲಿ? ಅಣು ಒಡೆಯುವುದನ್ನು ಕಣ್ಣಾರೆ ನೋಡಲು ಆಗುವುದಿಲ್ಲ, ಹಾಗಿದ್ದ ಮೇಲೆ ಇದನ್ನು ಹೇಗೆ ಗೊತ್ತು ಮಾಡುತ್ತಾರೆ? ನಮ್ಮಣ್ಣ ಟೊಮೆಟೊದಲ್ಲಿ ಕೀಟನಾಶಕ ಉಳಿದಿದೆಯಾ ಎಂದು ನೋಡುವ ಲ್ಯಾಬಿನಲ್ಲಿದ್ದಾನೆ. ಅವನೂ ದಿನಾ ಫ್ರಾಗ್ಮೆಂಟ್ ಅಂತಲೇ ಮಾತಾಡುತ್ತಾನೆ. ಅದೂ ಇದೂ ಒಂದೇನಾ?

ಉತ್ತರ: ನಿಮ್ಮ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. ಎರಡು ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ಓದಿದವರಿಗೆ ಮಾತ್ರ ಈ ಅನುಮಾನ ಬರುತ್ತದೆ. ಮೊದಲೇ ಹೇಳಿಬಿಡುತ್ತೇನೆ: ಗ್ರೋಬ್ ಫ್ರಾಗ್ಮೆಂಟೇಶನ್ ಎಂಬ ಹೆಸರಿಗೆ ಒಂದೇ ಮೆಕ್ಯಾನಿಸಂ, ಅಂದರೆ ಬಂಧಗಳು ಮುರಿಯುವ ಒಂದೇ ದಾರಿ ಇಲ್ಲ. ಒಂದು ಅಣು ಒಂದೇ ಏಟಿಗೆ ಒಡೆಯುತ್ತದೆ, ಅದರ ಹತ್ತಿರದ ಸಂಬಂಧಿ ಹಂತಹಂತವಾಗಿ ಒಡೆಯುತ್ತದೆ. ಅಷ್ಟೇ ಅಲ್ಲ, ಅದೇ ಅಣು ದ್ರಾವಕ ಬದಲಾದರೆ ದಾರಿ ಬದಲಿಸುತ್ತದೆ. ಆದ್ದರಿಂದ ಯಾವುದು ಸರಿ ಎಂದು ಕೇಳುವ ಮುಂಚೆ, ಯಾವ ಅಣು, ಯಾವ ದ್ರಾವಕ, ಏನು ಸಾಕ್ಷಿ ಎಂದು ಕೇಳಬೇಕು.

ಬಾಣದಿಂದ ಶುರು ಮಾಡೋಣ, ಗೊಂದಲ ಹುಟ್ಟುವುದು ಅಲ್ಲೇ. ಬಾಗಿದ ಬಾಣ ಎಲೆಕ್ಟ್ರಾನ್ ಜೋಡಿ ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಲೆಕ್ಕ ಹೇಳುತ್ತದೆ. ಯಾವಾಗ ಹೋಯಿತು ಎಂದು ಹೇಳುವುದಿಲ್ಲ. ಮೂರು ಬಾಣಗಳನ್ನು ಒಂದೇ ಚಿತ್ರದಲ್ಲಿ ಹಾಕಿದರೆ ಜಾಗ ಉಳಿಯುತ್ತದೆ, ಲೆಕ್ಕವೂ ಸರಿಯಾಗುತ್ತದೆ. ಆದರೆ ಓದುವವರು ಅದನ್ನು ಗಡಿಯಾರದ ಹಾಗೆ ಓದಿಬಿಡುತ್ತಾರೆ. ಪಾಠ ಮಾಡುವವರು ಇದನ್ನು ಮೊದಲ ದಿನವೇ ಹೇಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಈಗ ಗ್ರೋಬ್ ವಿಷಯ. ಸಿರಿಲ್ ಗ್ರೋಬ್ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದ್ದ ರಸಾಯನಶಾಸ್ತ್ರಜ್ಞರು. 1955ರಿಂದ ಮುಂದೆ ಹದಿನೈದು ವರ್ಷಕ್ಕೂ ಜಾಸ್ತಿ ಕಾಲ ಈ ಕ್ರಿಯೆಗಳ ಹಿಂದೆ ಬಿದ್ದು ಕೆಲಸ ಮಾಡಿದರು. ಅವರು ಹೆಚ್ಚಾಗಿ ಬಳಸಿದ ಚೌಕಟ್ಟು ಸರಳ: ಸಾಲಾಗಿ ಐದು ಪರಮಾಣುಗಳು. ಒಂದು ತುದಿಯಲ್ಲಿ ನೈಟ್ರೋಜನ್, ನಡುವೆ ಮೂರು ಕಾರ್ಬನ್, ಇನ್ನೊಂದು ತುದಿಯಲ್ಲಿ ಕ್ಲೋರಿನ್ ಅಥವಾ ಬ್ರೋಮಿನ್. ನೈಟ್ರೋಜನ್ನಿನ ಲೋನ್ ಪೇರ್ (ಬಂಧದಲ್ಲಿ ಸೇರದ ಎಲೆಕ್ಟ್ರಾನ್ ಜೋಡಿ) ಒಳಗೆ ನೂಕುತ್ತದೆ, ಮೊದಲನೇ ಮತ್ತು ಎರಡನೇ ಕಾರ್ಬನ್ ನಡುವಿನ ಬಂಧ ಮುರಿಯುತ್ತದೆ, ಹ್ಯಾಲೈಡ್, ಅಂದರೆ ಆ ಕ್ಲೋರಿನ್ ಅಥವಾ ಬ್ರೋಮಿನ್, ಹೊರಗೆ ಹೋಗುತ್ತದೆ. ಕೊನೆಗೆ ಸಿಗುವುದು ಮೂರು ತುಂಡು: ಇಮಿನಿಯಂ ಅಯಾನ್ (ಕಾರ್ಬನ್-ನೈಟ್ರೋಜನ್ ಡಬಲ್ ಬಂಧದ್ದು), ಆಲ್ಕೀನ್ (ಕಾರ್ಬನ್-ಕಾರ್ಬನ್ ಡಬಲ್ ಬಂಧದ್ದು), ಹ್ಯಾಲೈಡ್ ಅಯಾನ್.

ಇಲ್ಲಿ ಎರಡು ಬಂಧ ಮುರಿಯಬೇಕು. ಅಂದರೆ ದಾರಿಗಳು ಮೂರು. ಹ್ಯಾಲೈಡ್ ಮೊದಲು ಹೋಗಿ ಕಾರ್ಬೊಕೆಟಯಾನ್ ಆಗಿ, ಆಮೇಲೆ ಕಾರ್ಬನ್-ಕಾರ್ಬನ್ ಬಂಧ ಮುರಿಯುವುದು ಒಂದು. ಕಾರ್ಬನ್-ಕಾರ್ಬನ್ ಬಂಧ ಮೊದಲು ಮುರಿದು ಕಾರ್ಬಾನಯಾನ್ ಆಗಿ, ಆಮೇಲೆ ಹ್ಯಾಲೈಡ್ ಹೋಗುವುದು ಇನ್ನೊಂದು. ಇದು ಅಪರೂಪ. ಋಣ ಚಾರ್ಜನ್ನು ಹೊರಲು ಪಕ್ಕದಲ್ಲಿ ಕಾರ್ಬೊನಿಲ್‌ನಂಥದ್ದು ಇದ್ದರೆ ಮಾತ್ರ ನಡೆಯುತ್ತದೆ. ಮೂರನೆಯದು ಎರಡೂ ಬಂಧಗಳು ಒಂದೇ ಟ್ರಾನ್ಸಿಷನ್ ಸ್ಟೇಟ್‌ನಲ್ಲಿ (ಶಕ್ತಿಯ ಏರಿನ ತುದಿಯಲ್ಲಿ) ಸಡಿಲವಾಗುವುದು, ಅದೇ ಕನ್ಸರ್ಟೆಡ್. ನಿಮ್ಮ ಎರಡು ಪುಸ್ತಕಗಳಲ್ಲಿ ಒಂದು ಮೂರನೆಯದನ್ನು ಹೇಳಿದೆ, ಇನ್ನೊಂದು ಮೊದಲನೆಯದನ್ನು.

ಇವುಗಳ ನಡುವಿನ ಗೆರೆ ಎಲ್ಲಿದೆ? ಮಧ್ಯದಲ್ಲಿ ನಿಲ್ಲಲು ಜಾಗ ಇದೆಯಾ ಇಲ್ಲವಾ ಎಂಬುದರಲ್ಲಿ. ಕೋಲಾರದವರಿಗೆ ಅಂತರಗಂಗೆ ಬೆಟ್ಟ ಗೊತ್ತೇ ಇದೆ. ಮೆಟ್ಟಿಲು ಹತ್ತಿ ಹೋದರೆ ದೇವಸ್ಥಾನ, ಕಲ್ಯಾಣಿ ಸಿಗುತ್ತದೆ. ಅಲ್ಲಿ ಕೂತು, ನೀರು ಕುಡಿದು, ಮೇಲೆ ತೇರಹಳ್ಳಿ ಕಡೆ ಹೋಗಬಹುದು, ಮನಸ್ಸು ಬದಲಾದರೆ ವಾಪಸ್ಸೂ ಇಳಿಯಬಹುದು. ಹಾಗೆ ಕೂರುವ ತಗ್ಗು ಶಕ್ತಿಯ ದಾರಿಯಲ್ಲಿ ಇದ್ದರೆ ಅದಕ್ಕೆ ಇಂಟರ್ಮೀಡಿಯೇಟ್ ಎನ್ನುತ್ತೇವೆ, ಕ್ರಿಯೆ ಸ್ಟೆಪ್‌ವೈಸ್ ಆಗುತ್ತದೆ. ಅಂಥ ತಗ್ಗೇ ಇಲ್ಲದೆ ಒಂದೇ ಏರು, ಒಂದೇ ಇಳಿಜಾರು ಇದ್ದರೆ ಕನ್ಸರ್ಟೆಡ್.

ಕನ್ಸರ್ಟೆಡ್ ಎಂದರೆ ಎರಡೂ ಬಂಧ ಒಂದೇ ಕ್ಷಣದಲ್ಲಿ, ಒಂದೇ ಅಳತೆಯಲ್ಲಿ ಮುರಿದವು ಎಂದು ಅರ್ಥವಲ್ಲ. ಹ್ಯಾಲೈಡಿನ ಬಂಧ ಮುಕ್ಕಾಲು ಭಾಗ ಸಡಿಲವಾಗಿ, ಕಾರ್ಬನ್-ಕಾರ್ಬನ್ ಬಂಧ ಕಾಲು ಭಾಗ ಮಾತ್ರ ಸಡಿಲವಾಗಿರಬಹುದು. ನಡುವೆ ನಿಲ್ಲುವ ಜಾಗ ಇಲ್ಲದಿದ್ದರೆ ಅದೂ ಕನ್ಸರ್ಟೆಡ್‌ನ ಲೆಕ್ಕಕ್ಕೇ ಬರುತ್ತದೆ. ಎರಡೂ ಸಮಸಮ ಮುರಿದರೆ ಅದನ್ನು ಸಿಂಕ್ರೊನಸ್ ಎನ್ನುತ್ತಾರೆ. ರಸಾಯನಶಾಸ್ತ್ರಜ್ಞ ಮೈಕೆಲ್ ಡೇವಾರ್ 1984ರಲ್ಲಿ, ಹಲವು ಬಂಧಗಳು ಭಾಗವಹಿಸುವ ಕ್ರಿಯೆಗಳು ಸಾಮಾನ್ಯವಾಗಿ ಸಿಂಕ್ರೊನಸ್ ಆಗಿರಲಾರವು ಎಂದು ವಾದಿಸಿದರು. ಅದು ದೊಡ್ಡ ಚರ್ಚೆಯನ್ನೇ ಎಬ್ಬಿಸಿತು. ಕ್ಲಾಸಿನಲ್ಲಿ ಈ ಎರಡು ಮಾತುಗಳನ್ನು ಒಂದರ ಬದಲು ಇನ್ನೊಂದು ಬಳಸುವುದನ್ನು ಕೇಳುತ್ತಿರುತ್ತೇನೆ. ದಯವಿಟ್ಟು ನೀವು ಹಾಗೆ ಮಾಡಬೇಡಿ. ಇದು ಬೆರೆತುಹೋದರೆ ಮುಂದಿನ ಸಾಕ್ಷಿಗಳನ್ನು ಓದುವುದೇ ಕಷ್ಟ.

ಸಾಕ್ಷಿಗಳ ವಿಷಯಕ್ಕೆ ಬಂದರೆ, ನನಗೆ ತುಂಬಾ ಇಷ್ಟವಾದ ಉದಾಹರಣೆ ನಮ್ಮ ಕಾಲೇಜು ಲ್ಯಾಬಿನ ಶೆಲ್ಫಿನಲ್ಲೇ ಇದೆ: ಸಿನಮಿಕ್ ಆಸಿಡ್. ಪರ್ಕಿನ್ ರಿಯಾಕ್ಷನ್‌ನಲ್ಲಿ ಮಾಡಿರುತ್ತೀರಲ್ಲ, ಅದೇ. ಟ್ರಾನ್ಸ್ ಸಿನಮಿಕ್ ಆಸಿಡ್‌ಗೆ ಬ್ರೋಮಿನ್ ಸೇರಿಸಿದರೆ ಡೈಬ್ರೋಮೈಡ್ ಬರುತ್ತದೆ. ಬಿಳಿ ಹರಳು, ಕರಗುವುದು ಸುಮಾರು 200 ಡಿಗ್ರಿಯಲ್ಲಿ. ಬ್ರೋಮಿನ್‌ಗಳು ಎದುರುಬದುರು ಬದಿಯಿಂದ ಸೇರುವುದರಿಂದ ಅಣುವಿನ ಆಕಾರ ನಿಶ್ಚಿತ, ಎರಿಥ್ರೊ ಎಂದು ಕರೆಯುವ ರೂಪವೇ ಸಿಗುತ್ತದೆ. ಈ ಹರಳನ್ನು ಸೋಡಿಯಂ ಬೈಕಾರ್ಬೊನೇಟ್‌ನಂಥ ಸೌಮ್ಯ ಪ್ರತ್ಯಾಮ್ಲದ ಜೊತೆ ಬಿಸಿ ಮಾಡಿದರೆ ಕಾರ್ಬನ್ ಡೈಆಕ್ಸೈಡ್ ಹೋಗುತ್ತದೆ, ಬ್ರೋಮೈಡ್ ಹೋಗುತ್ತದೆ, ಬೀಟಾ-ಬ್ರೋಮೊಸ್ಟೈರೀನ್ ಉಳಿಯುತ್ತದೆ. ಇಲ್ಲೂ ಅದೇ ಮೂರು ತುಂಡು, ಅದೇ ಗ್ರೋಬ್ ಚೌಕಟ್ಟು. ನೈಟ್ರೋಜನ್ ಬದಲು ಕಾರ್ಬಾಕ್ಸಿಲೇಟ್‌ನ (ಪ್ರೋಟಾನ್ ಕಳೆದುಕೊಂಡ ಆಮ್ಲದ ಗುಂಪಿನ) ಆಕ್ಸಿಜನ್ ನೂಕುತ್ತದೆ ಅಷ್ಟೇ. ಸಾಲಿನಲ್ಲಿರುವ ಪರಮಾಣುಗಳನ್ನು ಒಮ್ಮೆ ನೀವೇ ಎಣಿಸಿ ನೋಡಿ, ಐದೇ ಇವೆ.

ವಿಷಯ ಇರುವುದು ಉತ್ಪನ್ನದ ಆಕಾರದಲ್ಲಿ. ಅಸಿಟೋನ್‌ನಲ್ಲಿ ಮಾಡಿದರೆ ಹೆಚ್ಚಾಗಿ ಸಿಸ್ ಬ್ರೋಮೊಸ್ಟೈರೀನ್ (ಬ್ರೋಮಿನ್, ಬೆಂಜೀನ್ ಉಂಗುರ ಎರಡೂ ಡಬಲ್ ಬಂಧದ ಒಂದೇ ಬದಿಗೆ) ಬರುತ್ತದೆ. ನೀರಿನಲ್ಲಿ ಮಾಡಿದರೆ ಹೆಚ್ಚಾಗಿ ಟ್ರಾನ್ಸ್ (ಎರಡೂ ಎದುರುಬದುರು ಬದಿಗೆ). ಇದನ್ನು 1953ರಲ್ಲೇ ಅಮೆರಿಕದ ಎರಡು ಗುಂಪುಗಳು ಬಿಡಿಬಿಡಿಯಾಗಿ ಪ್ರಕಟಿಸಿದವು. ಹೊರಡುವ ಅಣು ಒಂದೇ, ಬಿಟ್ಟುಹೋಗುವ ತುಂಡುಗಳೂ ಅವೇ. ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು?

ಒಂದು ಮಾಡೆಲ್ ಕಿಟ್ ತೆಗೆದುಕೊಳ್ಳಿ. ಎರಿಥ್ರೊ ಡೈಬ್ರೋಮೈಡ್ ಜೋಡಿಸಿ. ಎರಡನೇ ಕಾರ್ಬನ್ ಮೇಲೆ ಕಾರ್ಬಾಕ್ಸಿಲೇಟ್, ಒಂದು ಬ್ರೋಮಿನ್, ಒಂದು ಹೈಡ್ರೋಜನ್. ಮೂರನೇ ಕಾರ್ಬನ್ ಮೇಲೆ ಫಿನೈಲ್ (ಬೆಂಜೀನ್ ಉಂಗುರ), ಇನ್ನೊಂದು ಬ್ರೋಮಿನ್, ಒಂದು ಹೈಡ್ರೋಜನ್. ಈಗ ನಡುವಿನ ಬಂಧವನ್ನು ತಿರುಗಿಸಿ, ಕಾರ್ಬಾಕ್ಸಿಲೇಟ್ ಮತ್ತು ಮೂರನೇ ಕಾರ್ಬನ್ನಿನ ಬ್ರೋಮಿನ್ ಒಂದಕ್ಕೊಂದು ಬೆನ್ನು ಹಾಕಿ ನಿಲ್ಲುವ ಹಾಗೆ ಮಾಡಿ. ಹಾಗೆ ನಿಂತಾಗ ಉಳಿದ ಬ್ರೋಮಿನ್ ಮತ್ತು ಫಿನೈಲ್ ಒಂದೇ ಬದಿಗೆ ಬಂದಿರುತ್ತವೆ. ಈ ಭಂಗಿಯಿಂದಲೇ ಎರಡೂ ಬಂಧ ಒಟ್ಟಿಗೆ ಮುರಿದರೆ ಸಿಗುವುದು ಸಿಸ್ ಮಾತ್ರ, ಬೇರೆ ದಾರಿಯೇ ಇಲ್ಲ. ಅಸಿಟೋನ್‌ನಲ್ಲಿ ಆಗುವುದು ಇದು. ಸಿಸ್ ರೂಪ ಟ್ರಾನ್ಸ್‌ಗಿಂತ ಕಡಿಮೆ ಸ್ಥಿರ. ಆದರೂ ಅದೇ ಬರುತ್ತದೆ ಎಂದರೆ, ಅಣುವಿಗೆ ತಿರುಗಿ ಸರಿಯಾಗಿ ಕೂರಲು ಸಮಯವೇ ಸಿಗಲಿಲ್ಲ ಎಂದು ಅರ್ಥ.

ನೀರಿನಲ್ಲಿ ಕಥೆ ಬೇರೆ. 25 ಡಿಗ್ರಿಯಲ್ಲಿ ನೀರಿನ ಡೈಎಲೆಕ್ಟ್ರಿಕ್ ಕಾನ್ಸ್ಟಂಟ್ (ಚಾರ್ಜ್‌ಗಳ ನಡುವಿನ ಸೆಳೆತವನ್ನು ದ್ರಾವಕ ಎಷ್ಟು ತಗ್ಗಿಸುತ್ತದೆ ಎಂಬ ಅಳತೆ) ಸುಮಾರು 78, ಅಸಿಟೋನ್‌ದು ಸುಮಾರು 21. ಜೊತೆಗೆ ನೀರು ಬ್ರೋಮೈಡ್ ಅಯಾನನ್ನು ಹೈಡ್ರೋಜನ್ ಬಂಧದಿಂದ ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಹಾಗಾಗಿ ಬ್ರೋಮೈಡ್ ಮೊದಲೇ ಹೊರಟುಬಿಡುತ್ತದೆ. ಫಿನೈಲ್ ಪಕ್ಕದಲ್ಲಿರುವ ಧನ ಚಾರ್ಜ್ ಒಂದಿಷ್ಟು ಹೊತ್ತು ಬದುಕುತ್ತದೆ. ಅಷ್ಟರಲ್ಲಿ ನಡುವಿನ ಬಂಧ ತಿರುಗುತ್ತದೆ, ದೊಡ್ಡ ಗುಂಪುಗಳು ದೂರ ಸರಿಯುತ್ತವೆ, ಆಮೇಲೆ ಕಾರ್ಬನ್ ಡೈಆಕ್ಸೈಡ್ ಹೋಗುತ್ತದೆ. ಟ್ರಾನ್ಸ್ ಬರುತ್ತದೆ. ನೀರಿನಲ್ಲಿ ಇನ್ನೊಂದು ವಸ್ತುವೂ ಸಿಗುತ್ತದೆ: ಮೂರನೇ ಕಾರ್ಬನ್ ಮೇಲೆ ಬ್ರೋಮಿನ್ ಬದಲು ಹೈಡ್ರಾಕ್ಸಿ ಕೂತ ಆಮ್ಲ. ಹುಟ್ಟಿದ ಕೆಟಯಾನನ್ನು ನೀರೇ ಹಿಡಿದಿರುವುದಕ್ಕೆ ಇದು ಗುರುತು. ಮಧ್ಯದಲ್ಲಿ ಒಂದು ಜೀವ ಇತ್ತು ಎಂದು ಹೇಳಲು ಇದಕ್ಕಿಂತ ನೇರವಾದ ಸಾಕ್ಷಿ ಬೇಕಾ?

ಇನ್ನೂ ಚೆಂದದ ಸಂಗತಿ ಬೆಂಜೀನ್ ಉಂಗುರದ ಮೇಲಿನ ಗುಂಪು. ಪ್ಯಾರಾ ಜಾಗದಲ್ಲಿ ಮೆಥಾಕ್ಸಿ ಇಟ್ಟರೆ ಅದು ಕೆಟಯಾನನ್ನು ಗಟ್ಟಿಯಾಗಿ ಆಧರಿಸುತ್ತದೆ, ಕ್ರಿಯೆ ಟ್ರಾನ್ಸ್ ಕಡೆಗೆ ವಾಲುತ್ತದೆ. ನೈಟ್ರೊ ಇಟ್ಟರೆ ಕೆಟಯಾನ್‌ಗೆ ಬದುಕುವ ದಾರಿಯೇ ಇಲ್ಲ, ಸಿಸ್ ಕಡೆಗೆ ವಾಲುತ್ತದೆ. ದ್ರಾವಕ ಒಂದು ಗುಂಡಿ, ಗುಂಪು ಇನ್ನೊಂದು ಗುಂಡಿ ಎನ್ನುವ ಹಾಗೆ ಎರಡನ್ನೂ ಒತ್ತಿ ಮೆಕ್ಯಾನಿಸಂ ಬದಲಿಸಬಹುದು.

ಉತ್ಪನ್ನ ಸಿಸ್ ಅಥವಾ ಟ್ರಾನ್ಸ್ ಎಂದು ತಿಳಿಯಲು ಪ್ರೋಟಾನ್ ಎನ್‌ಎಂಆರ್ (ಕಾಂತಕ್ಷೇತ್ರದಲ್ಲಿಟ್ಟು ಹೈಡ್ರೋಜನ್‌ಗಳ ಗೆರೆಗಳನ್ನು ಓದುವ ವಿಧಾನ) ಸಾಕು. ಡಬಲ್ ಬಂಧದ ಎರಡು ಹೈಡ್ರೋಜನ್‌ಗಳ ನಡುವಿನ ಕಪ್ಲಿಂಗ್ (ಒಂದು ಇನ್ನೊಂದರ ಗೆರೆಯನ್ನು ಸೀಳುವ ಅಂತರ) ಸಿಸ್‌ನಲ್ಲಿ ಸುಮಾರು 8 ಹರ್ಟ್ಸ್, ಟ್ರಾನ್ಸ್‌ನಲ್ಲಿ ಸುಮಾರು 14 ಹರ್ಟ್ಸ್. ಗೆರೆಗಳ ನಡುವಿನ ಅಂತರ ಅಳೆದು, ಎರಡರ ವಿಸ್ತೀರ್ಣ ಹೋಲಿಸಿದರೆ ಅನುಪಾತವೂ ಸಿಗುತ್ತದೆ. ಕಾಲೇಜಿನಲ್ಲಿ ಯಂತ್ರ ಇಲ್ಲದಿದ್ದರೆ ಬೆಂಗಳೂರು ದೂರವೇನಲ್ಲ, ನಿಮ್ಮ ಮೇಡಂ ಅಥವಾ ಸರ್ ಮೂಲಕ ಸ್ಯಾಂಪಲ್ ಕಳಿಸಬಹುದು. ಪ್ರಾಜೆಕ್ಟ್‌ಗೆ ಇದಕ್ಕಿಂತ ಒಳ್ಳೆಯ ವಿಷಯ ನನಗೆ ತೋಚುವುದಿಲ್ಲ. ಒಂದು ಎಚ್ಚರಿಕೆ: ಬ್ರೋಮಿನ್ ಸುಟ್ಟರೆ ಗಾಯ ಬೇಗ ಮಾಯುವುದಿಲ್ಲ, ಹೊಗೆ ಶ್ವಾಸಕ್ಕೆ ಕೆಟ್ಟದ್ದು. ಫ್ಯೂಮ್ ಹುಡ್ ಕೆಲಸ ಮಾಡುತ್ತಿದ್ದರೆ ಮಾತ್ರ ಬ್ರೋಮಿನ್ ತೆರೆಯಿರಿ. ಪಿರಿಡಿನಿಯಂ ಟ್ರೈಬ್ರೋಮೈಡ್ ಎಂಬ ಘನ ವಸ್ತು ಸಿಕ್ಕರೆ ಅದೇ ಮೇಲು, ಆದರೆ ಅದನ್ನೂ ಕೈಗವಸು ಹಾಕಿಯೇ ಮುಟ್ಟಬೇಕು.

ಆಕಾರ ಒಂದು ಸಾಕ್ಷಿಯಾದರೆ ವೇಗ ಇನ್ನೊಂದು. ಗ್ರೋಬ್ ಅವರ ಜಾಣತನ ಕಾಣುವುದು ಇಲ್ಲೇ. ಅವರು ಪ್ರತಿ ಅಮೀನ್ ಹ್ಯಾಲೈಡ್‌ಗೂ ಅದೇ ಆಕಾರದ ಒಂದು ಜೋಡಿ ಅಣು ತೆಗೆದುಕೊಂಡರು. ಜೋಡಿಯಲ್ಲಿ ನೈಟ್ರೋಜನ್ ಇದ್ದ ಕಡೆ ಕಾರ್ಬನ್, ಉಳಿದದ್ದೆಲ್ಲ ಹಾಗೆಯೇ. ಎರಡರ ವೇಗವನ್ನೂ ಅಳೆದರು. ತರ್ಕ ನೋಡಿ. ಹ್ಯಾಲೈಡ್ ಮೊದಲು ಹೋಗುವ ಸ್ಟೆಪ್‌ವೈಸ್ ದಾರಿಯಾದರೆ, ನಿಧಾನದ ಹಂತದಲ್ಲಿ ನೈಟ್ರೋಜನ್ನಿನ ಲೋನ್ ಪೇರ್‌ಗೆ ಕೆಲಸವೇ ಇಲ್ಲ. ನೈಟ್ರೋಜನ್ ಎಲೆಕ್ಟ್ರಾನ್ ಎಳೆಯುವ ಸ್ವಭಾವದ್ದಾದ್ದರಿಂದ ಅಮೀನ್ ಸ್ವಲ್ಪ ನಿಧಾನವೇ ಆಗಬೇಕು. ಕನ್ಸರ್ಟೆಡ್ ಆದರೆ ಲೋನ್ ಪೇರ್ ನೂಕುವುದೇ ನಿಧಾನದ ಹಂತದಲ್ಲಿ, ಅಮೀನ್ ವೇಗವಾಗಬೇಕು. ಹೀಗೆ ವೇಗ ಹೆಚ್ಚುವುದಕ್ಕೆ ಅವರು ಫ್ರಾಂಗೊಮೆರಿಕ್ ಎಫೆಕ್ಟ್ ಎಂದು ಹೆಸರಿಟ್ಟರು.

4-ಬ್ರೋಮೊಕ್ವಿನುಕ್ಲಿಡೀನ್ ಎಂಬ ಪಂಜರದಂಥ ಅಣುವಿನಲ್ಲಿ ಇದು ಎದ್ದು ಕಾಣುತ್ತದೆ. ನೈಟ್ರೋಜನ್ ಒಂದು ತುದಿಯಲ್ಲಿ, ಬ್ರೋಮಿನ್ ಇರುವ ಕಾರ್ಬನ್ ಇನ್ನೊಂದು ತುದಿಯಲ್ಲಿ, ನಡುವೆ ಮೂರು ಸೇತುವೆ. ಲೋನ್ ಪೇರ್, ಮುರಿಯಬೇಕಾದ ಕಾರ್ಬನ್-ಕಾರ್ಬನ್ ಬಂಧ, ಕಾರ್ಬನ್-ಬ್ರೋಮಿನ್ ಬಂಧ ಮೂರೂ ಸಮಾನಾಂತರ. ತಿರುಗಿಸುವ ಅಗತ್ಯವೂ ಇಲ್ಲ, ತಿರುಗಿಸಲು ಆಗುವುದೂ ಇಲ್ಲ. ಜಲೀಯ ಎಥನಾಲ್‌ನಲ್ಲಿ ಇದು ತನ್ನ ಕಾರ್ಬನ್ ಜೋಡಿಗಿಂತ ಸುಮಾರು 50,000 ಪಟ್ಟು ವೇಗವಾಗಿ ಒಡೆಯುತ್ತದೆ. ಜೋಡಿ ಅಣುವಿನ ಕಷ್ಟ ಏನೆಂದರೆ, ಪಂಜರದ ಮೂಲೆಯ ಕಾರ್ಬನ್ ಮೇಲೆ ಧನ ಚಾರ್ಜ್ ಬಂದರೆ ಅದು ಚಪ್ಪಟೆಯಾಗಲು ಜಾಗವಿಲ್ಲ. ಕ್ವಿನುಕ್ಲಿಡೀನ್‌ಗೂ ಅದೇ ಕಷ್ಟ ಇದೆ. ಆದರೆ ಅದು ಆ ಚಾರ್ಜನ್ನು ಹುಟ್ಟಲು ಬಿಡದೆ ನೇರವಾಗಿ ಒಡೆದುಹೋಗುತ್ತದೆ. ಸಿಗುವ ಇಮಿನಿಯಂ ನೀರಿನಲ್ಲಿ ಒಡೆದು ಫಾರ್ಮಾಲ್ಡಿಹೈಡ್ ಮತ್ತು 4-ಮೆಥಿಲೀನ್‌ಪಿಪೆರಿಡೀನ್ ಕೊಡುತ್ತದೆ.

ಭಂಗಿ ಸರಿಯಿಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ 3-ಕ್ಲೋರೊಟ್ರೋಪೇನ್ ನೋಡಿ. ಇದರಲ್ಲಿ ಎರಡು ಐಸೋಮರ್. ಬೀಟಾದಲ್ಲಿ ಕ್ಲೋರಿನ್ ಬಂಧ ಮುರಿಯಬೇಕಾದ ಬಂಧಕ್ಕೆ ಸಮಾನಾಂತರವಾಗಿ ನಿಂತಿದೆ, ಅದು ಸಲೀಸಾಗಿ ಒಡೆಯುತ್ತದೆ. ಆಲ್ಫಾದಲ್ಲಿ ಕ್ಲೋರಿನ್ ಬೇರೆ ದಿಕ್ಕಿಗೆ ನಿಂತಿದೆ, ಅದು ಒಡೆಯುವ ಬದಲು ಮಾಮೂಲಿ ಸಬ್ಸ್ಟಿಟ್ಯೂಶನ್, ಎಲಿಮಿನೇಶನ್ ದಾರಿ ಹಿಡಿಯುತ್ತದೆ. ಪರಮಾಣುಗಳು ಅವೇ, ಬಂಧಗಳೂ ಅವೇ. ಕೋನ ಮಾತ್ರ ಬೇರೆ.

ಇದೇ ಜ್ಯಾಮಿತಿಯನ್ನು 1960ರ ದಶಕದಲ್ಲಿ ಪೀಟರ್ ವಾರ್ಟನ್ ಉಪಯೋಗಕ್ಕೆ ತಂದರು. ಎರಡು ಉಂಗುರ ಅಂಟಿಕೊಂಡ ಅಣುವಿನ ನಡುವಿನ ಬಂಧವನ್ನು ಹೀಗೆ ಮುರಿದರೆ ಹತ್ತು ಕಾರ್ಬನ್ನಿನ ದೊಡ್ಡ ಉಂಗುರ ಸಿಗುತ್ತದೆ, ಡಬಲ್ ಬಂಧದ ಆಕಾರವೂ ಮೊದಲೇ ನಿಗದಿ. ಬೇರೆ ರೀತಿಯಲ್ಲಿ ಅಂಥ ಉಂಗುರ ಕಟ್ಟುವುದು ಕಷ್ಟ. ನಿಮ್ಮ ಸಿಲಬಸ್‌ನಲ್ಲಿ ವಾರ್ಟನ್ ಹೆಸರು ಬಂದರೆ ಇದನ್ನು ನೆನಪಿಡಿ.

ಮೂರನೇ ಸಾಕ್ಷಿ ಐಸೋಟೋಪ್. ಪ್ರಕೃತಿಯಲ್ಲಿ ಕಾರ್ಬನ್ನಿನ ನೂರರಲ್ಲಿ ಸುಮಾರು ಒಂದು ಪರಮಾಣು ಕಾರ್ಬನ್-13. ಅದರ ಬಂಧ ಮುರಿಯುವುದು ಕಾರ್ಬನ್-12ಕ್ಕಿಂತ ಚೂರು ನಿಧಾನ, ಕೆಲವೇ ಶೇಕಡಾ ವ್ಯತ್ಯಾಸ. ನಿಧಾನದ ಹಂತದಲ್ಲಿ ಯಾವ ಬಂಧ ಮುರಿಯುತ್ತದೋ ಆ ಜಾಗದಲ್ಲಿ ಮಾತ್ರ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಎರಡೂ ಬಂಧಗಳ ಪರಮಾಣುಗಳಲ್ಲಿ ಕಂಡರೆ ಕನ್ಸರ್ಟೆಡ್ ಕಡೆಗೆ ಬೆರಳು ತೋರುತ್ತದೆ, ಒಂದರಲ್ಲಿ ಮಾತ್ರ ಕಂಡರೆ ಸ್ಟೆಪ್‌ವೈಸ್ ಕಡೆಗೆ. ಹಿಂದೆ ಇದಕ್ಕಾಗಿ ಲೇಬಲ್ ಹಾಕಿದ ಅಣುಗಳನ್ನು ಕಷ್ಟಪಟ್ಟು ತಯಾರಿಸಬೇಕಿತ್ತು. 1995ರಲ್ಲಿ ಡೇನಿಯಲ್ ಸಿಂಗಲ್ಟನ್ ಸುಲಭ ದಾರಿ ತೋರಿಸಿದರು: ಮಾಮೂಲಿ ವಸ್ತುವನ್ನೇ ಬಳಸಿ ಕ್ರಿಯೆಯನ್ನು ಬಹುಪಾಲು ಮುಗಿಸಿ, ಉಳಿದ ಸ್ವಲ್ಪವನ್ನು ವಾಪಸ್ಸು ತೆಗೆದು ಎನ್‌ಎಂಆರ್‌ನಲ್ಲಿ ನೋಡುವುದು. ನಿಧಾನದ ಪರಮಾಣುಗಳು ಉಳಿಕೆಯಲ್ಲಿ ಜಾಸ್ತಿ ಸೇರಿಕೊಂಡಿರುತ್ತವೆ. ಇದು ನಿಜಕ್ಕೂ ಸೊಗಸಾದ ವಿಧಾನ.

ಈಗ ನಿಮ್ಮ ಮಾತಿಗೆ ಬರುತ್ತೇನೆ, ಕಣ್ಣಾರೆ ನೋಡಲು ಆಗುವುದಿಲ್ಲ ಎಂದಿರಲ್ಲ. ಹೆಚ್ಚುಕಡಿಮೆ ನೋಡಿದ್ದಾರೆ. ಅಹ್ಮದ್ ಜೆವೈಲ್ ಅವರ ಗುಂಪು 1990ರ ದಶಕದ ನಡುವೆ ಅಸಿಟೋನ್ ಆವಿಯ ಮೇಲೆ ಅತಿ ಚಿಕ್ಕ ಲೇಸರ್ ಮಿಡಿತ ಹಾಯಿಸಿತು. ಬೆಳಕು ಬಿದ್ದಾಗ ಅಸಿಟೋನ್ ಎರಡು ಮೀಥೈಲ್ ಮತ್ತು ಒಂದು ಕಾರ್ಬನ್ ಮೊನಾಕ್ಸೈಡ್ ಆಗಿ ಒಡೆಯುತ್ತದೆ. ಎರಡು ಬಂಧ ಒಟ್ಟಿಗೆ ಹೋಗುತ್ತವೋ ಒಂದಾದ ಮೇಲೆ ಒಂದೋ ಎಂದು ವರ್ಷಗಟ್ಟಲೆ ವಾದ ನಡೆದಿತ್ತು. ಎರಡನೇ ಲೇಸರ್ ಮಿಡಿತವನ್ನು ಸ್ವಲ್ಪ ಸ್ವಲ್ಪ ತಡವಾಗಿ ಹಾಯಿಸುತ್ತಾ, ಆ ಕ್ಷಣದಲ್ಲಿ ಏನಿದೆ ಎಂದು ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ತೂಗಿದರು. ಅಸಿಟೋನ್ 58, ಒಂದು ಮೀಥೈಲ್ ಕಳೆದುಕೊಂಡ ಅಸಿಟೈಲ್ 43. ಮೊದಲ ಬಂಧಕ್ಕೆ ಸುಮಾರು 50 ಫೆಮ್ಟೊಸೆಕೆಂಡ್, ಎರಡನೆಯದಕ್ಕೆ ಸುಮಾರು 500 ಫೆಮ್ಟೊಸೆಕೆಂಡ್. ಒಂದು ಫೆಮ್ಟೊಸೆಕೆಂಡ್ ಎಂದರೆ ಸೆಕೆಂಡನ್ನು ಒಂದರ ಮುಂದೆ 15 ಸೊನ್ನೆ ಹಾಕಿದ ಸಂಖ್ಯೆಯಿಂದ ಭಾಗಿಸಿದಷ್ಟು. ಕಾರ್ಬನ್-ಕಾರ್ಬನ್ ಬಂಧ ಒಮ್ಮೆ ಅಲುಗಾಡಲು ಮೂವತ್ತು ನಲವತ್ತು ಫೆಮ್ಟೊಸೆಕೆಂಡ್ ಬೇಕು. ಅಂದರೆ ಅಸಿಟೈಲ್ ಹತ್ತು ಸಲಕ್ಕೂ ಜಾಸ್ತಿ ಅಲುಗಾಡುವಷ್ಟು ಹೊತ್ತು ಬದುಕಿತ್ತು. ಸ್ಟೆಪ್‌ವೈಸ್ ಎಂದು ತೀರ್ಮಾನವಾಯಿತು. ಈ ಬಗೆಯ ಕೆಲಸಕ್ಕೆ ಜೆವೈಲ್ ಅವರಿಗೆ 1999ರಲ್ಲಿ ನೊಬೆಲ್ ಬಂತು.

ಈ ಅಲುಗಾಟದ ಸಮಯವೇ ಕೊನೆಯ ಅಳತೆಗೋಲು. ವಿಲಿಯಂ ಜೆಂಕ್ಸ್ ಇದನ್ನು 1980ರ ಸುಮಾರಿಗೆ ಬಹಳ ಸ್ಪಷ್ಟವಾಗಿ ಹೇಳಿದರು. ನೀವು ಕಲ್ಪಿಸಿದ ಇಂಟರ್ಮೀಡಿಯೇಟ್ ಒಂದು ಅಲುಗಾಟದಷ್ಟು ಹೊತ್ತೂ ಬದುಕಲಾರದು ಎಂದಾದರೆ ಅದು ಇಂಟರ್ಮೀಡಿಯೇಟೇ ಅಲ್ಲ. ಆಗ ಕ್ರಿಯೆಗೆ ಕನ್ಸರ್ಟೆಡ್ ಆಗದೆ ಬೇರೆ ಗತಿಯಿಲ್ಲ. ನೈಟ್ರೊ ಸಿನಮಿಕ್ ಆಸಿಡ್‌ನ ಡೈಬ್ರೋಮೈಡ್, ಕ್ವಿನುಕ್ಲಿಡೀನ್ ಎರಡನ್ನೂ ಈ ಮಾತಿನ ಬೆಳಕಿನಲ್ಲಿ ಮತ್ತೆ ನೋಡಿ. ಅಲ್ಲಿ ಕೆಟಯಾನ್ ತೀರಾ ಅಸ್ಥಿರ, ಅದಕ್ಕೇ ಅಣು ಒಂದೇ ಏಟಿನ ದಾರಿ ಹಿಡಿಯಿತು. ಈ ವಿಷಯದ ತಿರುಳು ಇದೇ ಎಂದು ನನ್ನ ನಂಬಿಕೆ. ಮಧ್ಯದ ವಸ್ತು ಎಷ್ಟು ಹೊತ್ತು ಬದುಕೀತು ಎಂದು ಮೊದಲು ಕೇಳಿ, ಮೆಕ್ಯಾನಿಸಂ ಅದರ ಹಿಂದೆಯೇ ಬರುತ್ತದೆ.

ಎಲೆಕ್ಟ್ರೋಡ್ ಮೇಲೂ ಇದೇ ನಡೆಯುತ್ತದೆ. ಬ್ರೋಮೊಬೆಂಜೀನ್‌ನಂಥ ಆರೈಲ್ ಹ್ಯಾಲೈಡ್‌ಗೆ ಒಂದು ಎಲೆಕ್ಟ್ರಾನ್ ಕೊಟ್ಟರೆ ಮೊದಲು ರಾಡಿಕಲ್ ಆನಯಾನ್ ಆಗಿ ಆಮೇಲೆ ಒಡೆಯುತ್ತದೆ. ಉಂಗುರ ಆ ಎಲೆಕ್ಟ್ರಾನನ್ನು ಸ್ವಲ್ಪ ಹೊತ್ತು ಇಟ್ಟುಕೊಳ್ಳಬಲ್ಲದು. ಟರ್ಷರಿ ಬ್ಯುಟೈಲ್ ಬ್ರೋಮೈಡ್‌ಗೆ ಅಂಥ ಜಾಗವಿಲ್ಲ, ಎಲೆಕ್ಟ್ರಾನ್ ಬರುವುದೂ ಬಂಧ ಮುರಿಯುವುದೂ ಒಂದೇ ಹೆಜ್ಜೆ. ಫ್ರಾನ್ಸಿನ ಜಾನ್-ಮಿಷೆಲ್ ಸವೆಯಾನ್ ಈ ಕ್ಷೇತ್ರವನ್ನು ಕಟ್ಟಿದವರು.

ನಿಮ್ಮ ಅಣ್ಣನ ಲ್ಯಾಬಿಗೆ ಬರೋಣ. ಅಲ್ಲಿ ಒಡೆಯುವುದು ಫ್ಲಾಸ್ಕಿನಲ್ಲಲ್ಲ, ನಿರ್ವಾತದ ಯಂತ್ರದ ಒಳಗೆ. ದ್ರಾವಕ ಇಲ್ಲ, ಪ್ರತ್ಯಾಮ್ಲ ಇಲ್ಲ. ಒಂದೊಂದೇ ಅಯಾನ್ ಹೋಗಿ ಆರ್ಗಾನ್ ಅಥವಾ ನೈಟ್ರೋಜನ್ ಅನಿಲಕ್ಕೆ ಡಿಕ್ಕಿ ಹೊಡೆದು ತುಂಡಾಗುತ್ತದೆ. ಹಾಗಾಗಿ ಗ್ರೋಬ್‌ನ ನಿಯಮಗಳನ್ನು ಅಲ್ಲಿಗೆ ಹಾಗೇ ಎತ್ತಿ ಹಾಕುವಂತಿಲ್ಲ. ಆದರೆ ಒಂದಾದ ಮೇಲೊಂದೋ ಒಟ್ಟಿಗೋ ಎಂಬ ಪ್ರಶ್ನೆ ಮಾತ್ರ ಅದೇ. ಮಾಲಾಥಿಯಾನ್ ಎಂಬ ಕೀಟನಾಶಕವನ್ನು ತೆಗೆದುಕೊಳ್ಳಿ. ಅಣ್ಣನಿಗೆ 331ರಿಂದ 127, 331ರಿಂದ 99 ಎಂಬ ಅಯಾನ್ ತೂಕದ ಜೋಡಿಗಳು ಬಾಯಿಪಾಠ ಇರುತ್ತವೆ, ಕೇಳಿ ನೋಡಿ. 331 ಎಂದರೆ ಒಂದು ಪ್ರೋಟಾನ್ ಹೊತ್ತ ಮಾಲಾಥಿಯಾನ್. ಅದು ಒಂದು ಎಥನಾಲ್ ಕಳೆದುಕೊಂಡರೆ 46 ಕಡಿಮೆಯಾಗಿ 285. ರಂಜಕ-ಗಂಧಕದ ತುಂಡನ್ನು ಕಳೆದುಕೊಂಡರೆ 158 ಕಡಿಮೆಯಾಗಿ 173. ಎರಡನ್ನೂ ಕಳೆದುಕೊಂಡರೆ 127. ಅದರಿಂದ ಎಥಿಲೀನ್ ಹೋದರೆ 99. ಕಾಗದದ ಮೇಲೆ ಒಮ್ಮೆ ಕಳೆದು ನೋಡಿ, ಲೆಕ್ಕ ಕೂಡುತ್ತದೆ.

127ಕ್ಕೆ ಹೋಗಲು ಎರಡು ದಾರಿ ಇವೆ: ಎಥನಾಲ್ ಮೊದಲು, ಅಥವಾ ರಂಜಕದ ತುಂಡು ಮೊದಲು. ಡಿಕ್ಕಿಯ ಶಕ್ತಿಯನ್ನು ಸ್ವಲ್ಪ ಸ್ವಲ್ಪ ಏರಿಸುತ್ತಾ ಹೋದರೆ ಹಂತಹಂತದ ದಾರಿಯಲ್ಲಿ ಮಧ್ಯದ ಅಯಾನ್ ಮೊದಲು ಏರಿ ಆಮೇಲೆ ಇಳಿಯುತ್ತದೆ, ಅದು ಇಳಿಯುತ್ತಿದ್ದ ಹಾಗೆ ಚಿಕ್ಕ ತುಂಡು ಏರುತ್ತದೆ. ಆದರೆ 285 ಕಂಡ ಮಾತ್ರಕ್ಕೆ 127 ಪೂರ್ತಿ ಅದರ ಮೂಲಕವೇ ಬಂತು ಎನ್ನಲಾಗದು. ಗಟ್ಟಿಯಾಗಿ ಹೇಳಬೇಕಾದರೆ 285 ಒಂದನ್ನೇ ಹಿಡಿದಿಟ್ಟು ಮತ್ತೆ ಒಡೆಯಬೇಕು. ಅದಕ್ಕೆ ಅಯಾನ್ ಟ್ರ್ಯಾಪ್ ಬೇಕು. ಟೊಮೆಟೊದಲ್ಲಿ ಮಾಲಾಥಿಯಾನ್ ಇದೆಯಾ, ಎಷ್ಟಿದೆ ಎಂದು ಹೇಳಲು ಮೆಕ್ಯಾನಿಸಂ ಬೇಡ. ಗುರುತಿಸುವ ತುಂಡು ಪ್ರತಿ ಸಲ ಅದೇ ಅನುಪಾತದಲ್ಲಿ ಬಂದರೆ ಅಣ್ಣನ ಕೆಲಸ ಆಯಿತು.

ಕೊನೆಗೆ ಪರೀಕ್ಷೆ. ಪ್ರಶ್ನೆಯಲ್ಲಿ ಗ್ರೋಬ್ ಫ್ರಾಗ್ಮೆಂಟೇಶನ್ ವಿವರಿಸಿ ಎಂದಷ್ಟೇ ಇದ್ದರೆ, ಬಾಣಗಳನ್ನು ಒಂದೇ ಚಿತ್ರದಲ್ಲಿ ಹಾಕಿ ಕನ್ಸರ್ಟೆಡ್ ದಾರಿಯನ್ನು ಮೊದಲು ಬರೆಯಿರಿ. ಲೋನ್ ಪೇರ್ ಮತ್ತು ಹ್ಯಾಲೈಡಿನ ಬಂಧ ಎರಡೂ ಮುರಿಯುವ ಕಾರ್ಬನ್-ಕಾರ್ಬನ್ ಬಂಧಕ್ಕೆ ಆಂಟಿಪೆರಿಪ್ಲೇನರ್ (ಒಂದೇ ಸಮತಲದಲ್ಲಿ ಬೆನ್ನು ಹಾಕಿ) ಇರಬೇಕು ಎಂದು ಚಿತ್ರದಲ್ಲೇ ತೋರಿಸಿ. ನ್ಯೂಮನ್ ಪ್ರೊಜೆಕ್ಷನ್ (ಬಂಧದ ಉದ್ದಕ್ಕೂ ನೋಡಿದ ಹಾಗೆ ಬಿಡಿಸುವ ಚಿತ್ರ) ಒಂದು ಹಾಕಿದರೆ ಇನ್ನೂ ಒಳ್ಳೆಯದು. ಅದರ ಕೆಳಗೆ, ಕೆಟಯಾನ್ ಸ್ಥಿರವಾಗಿದ್ದರೆ ಅಥವಾ ಭಂಗಿ ಕೂಡದಿದ್ದರೆ ಕೆಟಯಾನ್ ಮೂಲಕ ಹಂತಹಂತವಾಗಿ ನಡೆಯುತ್ತದೆ, ಆಗ ಸಬ್ಸ್ಟಿಟ್ಯೂಶನ್ ಮತ್ತು ಎಲಿಮಿನೇಶನ್ ಉತ್ಪನ್ನಗಳೂ ಬೆರೆತು ಬರುತ್ತವೆ ಎಂದು ಎರಡು ಸಾಲು ಸೇರಿಸಿ. ಅಣು ಕೊಟ್ಟು ಮೆಕ್ಯಾನಿಸಂ ಕೇಳಿದ್ದರೆ ಮಾತ್ರ ಕಣ್ಣು ಮುಚ್ಚಿ ಬರೆಯಬೇಡಿ. ಹ್ಯಾಲೈಡ್ ಇರುವ ಕಾರ್ಬನ್ ಟರ್ಷರಿಯೋ, ಬೆಂಜೈಲಿಕ್ಕೋ, ಪಂಜರದ ಮೂಲೆಯೋ ಎಂದು ನೋಡಿ, ದ್ರಾವಕ ಯಾವುದೆಂದು ನೋಡಿ, ಆಮೇಲೆ ಪೆನ್ನು ಎತ್ತಿ. ಸಿನಮಿಕ್ ಆಸಿಡ್ ಡೈಬ್ರೋಮೈಡ್‌ನ ಉದಾಹರಣೆಯನ್ನು ಎರಡೂ ದ್ರಾವಕಗಳ ಉತ್ಪನ್ನದ ಜೊತೆ ಬರೆದರೆ, ನೀವು ವಿಷಯ ಅರ್ಥ ಮಾಡಿಕೊಂಡೇ ಬರೆದಿದ್ದೀರಿ ಎಂದು ಪೇಪರ್ ನೋಡುವವರಿಗೆ ತಕ್ಷಣ ಗೊತ್ತಾಗುತ್ತದೆ.